ಔಲಿಯಲ್ಲಿ ‘ಸ್ನೋ ಫೆಸ್ಟ್’: ಹಿಮವೇ ಬೀಳದಿದ್ದರೆ ಟಿಕೆಟ್ ಕೊಂಡವರಿಗೆ ಏನು ಹೇಳಲಿ?

ಪ್ರಶ್ನೆ: ಬೆಂಗಳೂರಿನಲ್ಲಿ ನನ್ನದೊಂದು ಸಣ್ಣ ಈವೆಂಟ್ ಕಂಪನಿ ಇದೆ. ಕಂಪನಿಗಳ ಫ್ಯಾಮಿಲಿ ಡೇ, ಅಪಾರ್ಟ್‌ಮೆಂಟುಗಳ ರಾಜ್ಯೋತ್ಸವ, ಒಂದೆರಡು ಮ್ಯೂಸಿಕ್ ಶೋ, ಇಷ್ಟೇ ಇದುವರೆಗೆ ನಾವು ಮಾಡಿರುವುದು. ಈಗ ಉತ್ತರಾಖಂಡದ ಔಲಿಯ ಹೋಟೆಲ್ ಮಾಲೀಕರೊಬ್ಬರು ಮುಂಗಡ ಕೊಟ್ಟಿದ್ದಾರೆ. ಗಣರಾಜ್ಯೋತ್ಸವದ ಲಾಂಗ್ ವೀಕೆಂಡಿಗೆ ಮೂರು ದಿನದ ‘ಸ್ನೋ ಫೆಸ್ಟ್’ ಮಾಡಬೇಕು, ಬೆಂಗಳೂರಿನಿಂದ 150 ಜನರನ್ನು ಕರೆತರಬೇಕು. ಬಜೆಟ್ಟಿನ ಅರ್ಧಕ್ಕಿಂತ ಜಾಸ್ತಿ ಒಬ್ಬ ಹೆಸರಾಂತ ಗಾಯಕರಿಗೇ ಹೋಗುತ್ತದೆ. ಮಾಲೀಕರು ಹೇಳುವುದು ಹೀಗೆ: ‘ಜನವರಿ ಕೊನೆಯಲ್ಲಿ ಹಿಮ ಇದ್ದೇ ಇರುತ್ತದೆ. ಇಲ್ಲದಿದ್ದರೆ ಮಷೀನ್ ಇದೆ. ಹಳೇ ಫೋಟೊ ಹಾಕಿ, ಯಾರು ಕೇಳುತ್ತಾರೆ?’ ನನಗೆ ನಿದ್ದೆ ಬರುತ್ತಿಲ್ಲ. ಹಿಮ ಬೀಳದಿದ್ದರೆ ದುಡ್ಡು ವಾಪಸ್ ಕೊಡಬೇಕಾದವಳು ನಾನೇ ಅಲ್ವಾ? ಜೋರಾಗಿ ಸ್ಪೀಕರ್ ಹಾಕಿದರೆ ಹಿಮಕುಸಿತ ಆಗುತ್ತದಂತೆ, ಅದೂ ನಿಜವೇ? ಮುಂಗಡ ವಾಪಸ್ ಕೊಟ್ಟು ಕೈ ತೊಳೆದುಕೊಂಡುಬಿಡಲೇ?
(ಹೆಸರು ಬೇಡ ಎಂದಿದ್ದಾರೆ, ಬೆಂಗಳೂರು)

ಉತ್ತರ:

ಮುಂಗಡ ವಾಪಸ್ ಕೊಡುವ ಮಾತು ಆಮೇಲೆ. ಹಿಮದ ಬಗ್ಗೆ ನಿಮಗಿರುವ ಭಯ ಸರಿಯಾದದ್ದೇ. ಆದರೆ ನಿಮ್ಮ ಪತ್ರ ಓದುವಾಗ ನನಗೆ ಮೊದಲು ಚುಚ್ಚಿದ್ದು ಹಿಮವಲ್ಲ, ತಾರೀಖು.

ಒಂದು ಸಲ ಲೆಕ್ಕ ಹಾಕಿ. ಬೆಂಗಳೂರಿನಿಂದ ಡೆಹ್ರಾಡೂನಿಗೆ ವಿಮಾನ. ಅಲ್ಲಿಂದ ಜೋಶಿಮಠಕ್ಕೆ ಹತ್ತಿರ ಹತ್ತಿರ 300 ಕಿ.ಮೀ. ಬೆಟ್ಟದ ರಸ್ತೆ. ಎಲ್ಲ ಸರಿಯಿದ್ದರೂ ಹತ್ತು ಗಂಟೆ. ಅದರ ಮೇಲೆ ಔಲಿಗೆ ಇನ್ನೊಂದು ಹದಿನೈದು ಕಿ.ಮೀ. ಏರಬೇಕು. ಮಧ್ಯಾಹ್ನ ಡೆಹ್ರಾಡೂನಿನಲ್ಲಿ ಇಳಿದವರನ್ನು ಅದೇ ದಿನ ಔಲಿ ಮುಟ್ಟಿಸುವ ಯೋಚನೆಯನ್ನೇ ಬಿಡಿ. ಚಳಿಗಾಲದ ರಾತ್ರಿ ಆ ರಸ್ತೆಯಲ್ಲಿ 150 ಜನರನ್ನು ಸಾಗಿಸುವ ಧೈರ್ಯ ಯಾವ ಅನುಭವಸ್ಥ ಟ್ರಾವೆಲ್ಸಿನವನಿಗೂ ಇರುವುದಿಲ್ಲ. ಹಾಗಾಗಿ ಹೋಗಲು ಎರಡು ದಿನ, ಬರಲು ಎರಡು ದಿನ. ನಡುವೆ ಮೂರು ದಿನದ ಫೆಸ್ಟ್. ಒಟ್ಟು ಒಂದು ವಾರ. ಅದು ಲಾಂಗ್ ವೀಕೆಂಡ್ ಹೇಗಾಯಿತು? ದಿಲ್ಲಿಯವರು ಆ ವೀಕೆಂಡಿಗೆ ಕಾರು ಹತ್ತಿ ಹೇಗೋ ಬಂದುಬಿಡುತ್ತಾರೆ. ಬೆಂಗಳೂರಿನವರು ರಜೆ ಹಾಕಿಯೇ ಬರಬೇಕು. ರಜೆ ಹಾಕುವುದೇ ಆದರೆ ಎಲ್ಲಕ್ಕೂ ದರ ಏರುವ ಆ ವಾರವೇ ಯಾಕೆ?

ಇನ್ನೂ ಒಂದು ವಿಷಯವಿದೆ. ಆ ವಾರಾಂತ್ಯದಲ್ಲಿ ಔಲಿಯ ಹೋಟೆಲ್‌ಗಳು ಈವೆಂಟ್ ಇಲ್ಲದೆಯೂ ತುಂಬುತ್ತವೆ. ಮಾಲೀಕರು ಹೇಗೂ ಮಾರಾಟವಾಗುವ ರೂಮುಗಳನ್ನು ಮಾರಲು ಗಾಯಕರಿಗೆ ದುಡ್ಡು ಸುರಿಯಲು ಹೊರಟಿದ್ದಾರೆ. ಸ್ಕೀ ಊರುಗಳ ಮಾರ್ಕೆಟಿಂಗ್ ಕೆಲಸವನ್ನು ನಾನು ಕಲಿತದ್ದು ಆಲ್ಪ್ಸ್‌ನಲ್ಲಿ. ಅಲ್ಲಿ ಹೊಸಬರಿಗೆ ಮೊದಲ ದಿನವೇ ಕೇಳುವ ಪ್ರಶ್ನೆ: ಖಾಲಿ ಇರುವ ವಾರ ಯಾವುದು? ಈವೆಂಟ್ ಇರುವುದೇ ಆ ವಾರಕ್ಕೆ.

ಆಸ್ಟ್ರಿಯಾದ ಇಶ್‌ಗಲ್ ಇದಕ್ಕೆ ಚೆನ್ನಾದ ಉದಾಹರಣೆ. ಅಲ್ಲಿ 90ರ ದಶಕದಿಂದ ದೊಡ್ಡ ದೊಡ್ಡ ಪಾಪ್ ತಾರೆಯರ ಬಯಲು ಕಛೇರಿಗಳು ನಡೆಯುತ್ತಿವೆ. ಮುಖ್ಯವಾದವು ಯಾವಾಗ ಗೊತ್ತೇ? ಒಂದು ನವೆಂಬರ್ ಕೊನೆಯ ಹೊತ್ತಿಗೆ, ಸೀಸನ್ ಶುರುವಾಗುವಾಗ. ಇನ್ನೊಂದು ಏಪ್ರಿಲ್ ಕೊನೆಯ ಹೊತ್ತಿಗೆ, ಸೀಸನ್ ಮುಗಿಯುವಾಗ. ಕ್ರಿಸ್‌ಮಸ್ ವಾರಕ್ಕೆ ತಾರೆ ಯಾಕೆ ಬೇಕು? ಆ ವಾರ ತಾನೇ ತುಂಬುತ್ತದೆ. ಅಲ್ಲಿ ಸ್ಕೀ ಪಾಸ್ ಕೊಂಡವರಿಗೆ ಕಛೇರಿಯೂ ಅದರಲ್ಲೇ ಸೇರಿರುತ್ತದೆ. ಹಾಡು ಕೇಳಲು ಬಂದವರು ಪಾಸ್ ಕೊಳ್ಳುತ್ತಾರೆ, ರೂಮು ಹಿಡಿಯುತ್ತಾರೆ, ಊಟ ಮಾಡುತ್ತಾರೆ. ಗಾಯಕರಿಗೆ ಕೊಟ್ಟ ದುಡ್ಡು ಇಡೀ ಊರಿನಿಂದ ಹುಟ್ಟುತ್ತದೆ. ನಿಮ್ಮ ಗಾಯಕರ ಸಂಭಾವನೆ ಮಾತ್ರ ಒಂದೇ ಹೋಟೆಲಿನ ರೂಮುಗಳಿಂದ ಹುಟ್ಟಬೇಕು. ಇದು ಹೇಗೆ ಸರಿಹೋಗುತ್ತದೆ ಎಂದು ಮಾಲೀಕರನ್ನು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಲು ಹೇಳಿ.

ಈಗ ಹಿಮಕ್ಕೆ ಬರೋಣ. ‘ಜನವರಿ ಕೊನೆಯಲ್ಲಿ ಇದ್ದೇ ಇರುತ್ತದೆ’ ಎನ್ನುವ ಮಾತು ಹಳೆಯ ನೆನಪಿನ ಮಾತು. ಹಿಮಾಲಯದ ಈ ಭಾಗಕ್ಕೆ ಚಳಿಗಾಲದ ಹಿಮ ತರುವುದು ಮೆಡಿಟರೇನಿಯನ್ ಕಡೆಯಿಂದ ಬರುವ ಮಾರುತಗಳು. ಹವಾಮಾನ ಇಲಾಖೆಯವರು ವೆಸ್ಟರ್ನ್ ಡಿಸ್ಟರ್ಬೆನ್ಸ್ ಎನ್ನುವುದು ಇವನ್ನೇ. ನಮ್ಮ ಮುಂಗಾರಿಗಿರುವ ಅಷ್ಟಿಷ್ಟು ವೇಳಾಪಟ್ಟಿಯೂ ಇವಕ್ಕಿಲ್ಲ. ಒಂದರ ಹಿಂದೆ ಒಂದು ಬಂದರೆ ನಾಲ್ಕು ದಿನದಲ್ಲಿ ಮೊಣಕಾಲು ಮುಳುಗುತ್ತದೆ. ಬರದಿದ್ದರೆ ಜನವರಿಯಿಡೀ ಹುಲ್ಲು ಕಾಣುತ್ತದೆ. ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ ನಲವತ್ತು ದಿನವನ್ನು ಚಿಲ್ಲೈ ಕಲಾನ್ ಎನ್ನುತ್ತಾರೆ, ಕಡು ಚಳಿಯ ಕಾಲ. 2024ರ ಜನವರಿಯಲ್ಲಿ ಆ ಹೊತ್ತಿನಲ್ಲೇ ಗುಲ್ಮಾರ್ಗ್ ಬೋಳಾಗಿ, ಕಂದು ಬಣ್ಣದಲ್ಲಿ ನಿಂತಿತ್ತು. ಆ ಫೋಟೊಗಳನ್ನು ನೀವೂ ನೋಡಿರುತ್ತೀರಿ. 2025ರಲ್ಲಿ ಅದೇ ಗುಲ್ಮಾರ್ಗ್‌ನಲ್ಲಿ ಫೆಬ್ರವರಿ ಕೊನೆಗೆ ಆಗಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ಹಿಮ ಸಾಲದೆ ಮಾರ್ಚಿಗೆ ಹೋಯಿತು. ಔಲಿಯಲ್ಲಂತೂ 2023ರ ಫೆಬ್ರವರಿಯ ರಾಷ್ಟ್ರೀಯ ಸ್ಪರ್ಧೆ ರದ್ದೇ ಆಯಿತು. ಅಲ್ಲಿ ಇಂಥದ್ದು ಅದೇ ಮೊದಲೂ ಅಲ್ಲ.

ಇದಕ್ಕೆ ಎತ್ತರವೂ ಒಂದು ಕಾರಣ. ಔಲಿಯ ಇಳಿಜಾರುಗಳು ಸುಮಾರು 2,500ರಿಂದ 3,050 ಮೀಟರ್ ನಡುವೆ ಇವೆ. ಗುಲ್ಮಾರ್ಗ್ ಊರು 2,650 ಮೀಟರಿನಲ್ಲಿದ್ದರೂ ಅಲ್ಲಿನ ಗೊಂಡೋಲಾದ (ಕೇಬಲ್ ಕಾರ್) ಎರಡನೇ ಹಂತ 3,900 ಮೀಟರ್ ದಾಟಿಸುತ್ತದೆ. ಕೆಳಗೆ ಇಲ್ಲದಿದ್ದರೂ ಮೇಲೆ ಸ್ವಲ್ಪವಾದರೂ ಸಿಗುತ್ತದೆ. ಔಲಿಯಲ್ಲಿ ಹಾಗೆ ಮೇಲಕ್ಕೆ ಏರಿ ತಪ್ಪಿಸಿಕೊಳ್ಳುವ ಲಿಫ್ಟ್ ಇಲ್ಲ.

ಮಾಲೀಕರು ಬರೀ ಒಂದು ಕಡೆಯ ಅಪಾಯವನ್ನು ತಳ್ಳಿಹಾಕಿದ್ದಾರೆ. ಇನ್ನೊಂದು ಕಡೆಯದನ್ನು ಯೋಚಿಸಿದ ಹಾಗೆ ಕಾಣುವುದಿಲ್ಲ: ಹಿಮ ವಿಪರೀತ ಬಿದ್ದರೆ? ಜೋಶಿಮಠ–ಔಲಿ ರೋಪ್‌ವೇ 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದಾಗ ನಿಂತುಹೋಯಿತು. ಆದ್ದರಿಂದ ರಸ್ತೆಯನ್ನೇ ನಂಬಿ ಯೋಜನೆ ಹಾಕಿ. ಒಂದು ರಾತ್ರಿ ಎರಡು ಅಡಿ ಬಿದ್ದರೆ ಆ ಹದಿನೈದು ಕಿ.ಮೀ. ಮುಚ್ಚುತ್ತದೆ. ನಿಮ್ಮ ಅತಿಥಿಗಳು ಕೆಳಗೆ, ಸ್ಟೇಜು ಮೇಲೆ, ಗಾಯಕರು ಇನ್ನೂ ದಾರಿಯಲ್ಲಿ, ರುದ್ರಪ್ರಯಾಗದಲ್ಲಿ. ಅತ್ಯುತ್ತಮ ಹಿಮ ಬಿದ್ದ ದಿನವೇ ಕಾರ್ಯಕ್ರಮ ಕೆಡುವುದನ್ನು ನಾನು ನೋಡಿದ್ದೇನೆ. ಮಾಲೀಕರು ಕಿಟಕಿಯಿಂದ ಹಿಮ ನೋಡಿ ಖುಷಿಪಡುತ್ತಿದ್ದರು, ನಾವು ಫೋನಿನಲ್ಲಿ ಡ್ರೈವರುಗಳನ್ನು ಹುಡುಕುತ್ತಿದ್ದೆವು.

‘ಮಷೀನ್ ಇದೆ’ ಎನ್ನುವುದು ಎರಡನೇ ಭ್ರಮೆ. ಹಿಮದ ಗನ್ ಎಂದರೆ ನೀರನ್ನು ಸಣ್ಣ ಹನಿ ಮಾಡಿ ತಣ್ಣನೆ ಗಾಳಿಗೆ ಉಗುಳುವ ಪಂಪು. ಹನಿ ನೆಲ ಮುಟ್ಟುವ ಮುಂಚೆ ಹೆಪ್ಪುಗಟ್ಟಬೇಕು. ಅದಕ್ಕೆ ಬೇಕಾದದ್ದು ಬರೀ ಚಳಿಯಲ್ಲ, ಒಣ ಚಳಿ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಸೊನ್ನೆ ಡಿಗ್ರಿಗೂ ಕೆಲಸ ಆಗುವುದಿಲ್ಲ. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಮೈನಸ್ 2 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ತೋರಿಸಬೇಕು, ಅದೂ ಗಂಟೆಗಟ್ಟಲೆ, ಸಾಲಾಗಿ ಹಲವು ರಾತ್ರಿ. ಇನ್ನು ನೀರು. ಒಂದು ಹೆಕ್ಟೇರ್ ಇಳಿಜಾರಿಗೆ ಒಂದು ಅಡಿ ದಪ್ಪ ಹಿಮ ಹೊದಿಸಲು ಸುಮಾರು ಹತ್ತು ಲಕ್ಷ ಲೀಟರ್ ಬೇಕು. ನಿಮ್ಮ ಅಪಾರ್ಟ್‌ಮೆಂಟಿಗೆ ಬರುವ 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 160ಕ್ಕೂ ಜಾಸ್ತಿ. ಔಲಿಗೆ ಈ ಯಂತ್ರಗಳು ಬಂದದ್ದು 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟದ ಹೊತ್ತಿಗೆ. ನೀರಿಗೆಂದು ಮೇಲೆ ಕೃತಕ ಕೆರೆಯೂ ಇದೆ. ಇಷ್ಟಿದ್ದೂ 2023ರಲ್ಲಿ ಸ್ಪರ್ಧೆ ರದ್ದಾಯಿತು ಎಂದರೆ ಅರ್ಥ ಮಾಡಿಕೊಳ್ಳಿ. ಆ ಯಂತ್ರಗಳು ನಿಮ್ಮ ಮಾಲೀಕರ ಹೋಟೆಲಿಗೆ ಸೇರಿದವೂ ಅಲ್ಲ. ಅವರು ಸ್ವಿಚ್ ಒತ್ತಿದರೆ ಓಡುವುದಿಲ್ಲ.

ಬೇರೆ ಕಡೆಯಿಂದ ಹಿಮ ಹೊತ್ತು ತರುತ್ತೇವೆ ಎಂದು ಯಾರಾದರೂ ಹೇಳಿದರೆ ಅದನ್ನೂ ನಂಬಬೇಡಿ. 2020ರ ಫೆಬ್ರವರಿಯಲ್ಲಿ ಫ್ರಾನ್ಸಿನ ಪಿರಿನೀಸ್ ಬೆಟ್ಟಗಳ ಒಂದು ಸ್ಕೀ ತಾಣ ಹೆಲಿಕಾಪ್ಟರಿನಲ್ಲಿ ಸುಮಾರು 50 ಟನ್ ಹಿಮ ತಂದು ಕೆಳಗಿನ ಇಳಿಜಾರಿಗೆ ಸುರಿಯಿತು. ಮಕ್ಕಳ ಸ್ಕೀ ಶಾಲೆ ಉಳಿಯಿತು, ನಿಜ. ಆದರೆ ದೇಶವೆಲ್ಲ ಬೈಯಿತು. ಸುದ್ದಿ ಹರಡಿದ್ದು ‘ಇಲ್ಲಿ ಹಿಮವೇ ಇಲ್ಲ’ ಅಂತ. ಅಂಥ ಪ್ರಚಾರಕ್ಕೆ ಯಾವ ಮಾಲೀಕರೂ ದುಡ್ಡು ಕೊಡುವುದಿಲ್ಲ ಅಲ್ವಾ? 2010ರ ವ್ಯಾಂಕೂವರ್ ಒಲಿಂಪಿಕ್ಸಿನಲ್ಲೂ ಸೈಪ್ರೆಸ್ ಬೆಟ್ಟಕ್ಕೆ ಲಾರಿ, ಹೆಲಿಕಾಪ್ಟರುಗಳಲ್ಲಿ ಹಿಮ ತಂದರು. ಸ್ಪರ್ಧೆ ನಡೆಯಿತು. ಆದರೆ ನಿಂತು ನೋಡುವವರ ಜಾಗದಲ್ಲಿ ಹಿಮ ಕರಗಿ ಕಾಲಿಡಲಾಗದೆ ಸುಮಾರು 28,000 ಟಿಕೆಟ್ ರದ್ದು ಮಾಡಿ ದುಡ್ಡು ಹಿಂದಿರುಗಿಸಬೇಕಾಯಿತು. ಈವೆಂಟ್ ಮಾಡುವ ನಾವು ಗಮನಿಸಬೇಕಾದದ್ದು ಈ ಎರಡನೆಯದನ್ನು. ಆಟಗಾರರ ಕೆಳಗೆ ಹಿಮ ಇದ್ದರೆ ಸಾಲದು, ನೋಡುವವರ ಕಾಲ ಕೆಳಗೆ ಏನಿದೆ ಎನ್ನುವುದೂ ಮುಖ್ಯ.

ಹಳೇ ಫೋಟೊ ವಿಷಯದಲ್ಲಿ ನನ್ನ ಮಾತು ಖಡಕ್ಕಾಗಿದೆ: ಹಾಕಬೇಡಿ. ಕಾನೂನು ಒಂದು ಕಡೆ ಇರಲಿ. ಅದೂ ಸಣ್ಣದಲ್ಲ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ವ್ಯಾಪಾರದ ದೃಷ್ಟಿಯಿಂದಲೂ ಅದು ನಡೆಯುವುದಿಲ್ಲ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಇಬ್ಬರು ಅರ್ಥಶಾಸ್ತ್ರಜ್ಞರು ಸ್ಕೀ ತಾಣಗಳು ತಾವೇ ಹೇಳಿಕೊಳ್ಳುವ ಹಿಮದ ಅಳತೆಗಳನ್ನು ಕೂಡಿಹಾಕಿ ನೋಡಿದರು. ಶನಿವಾರ, ಭಾನುವಾರ ಬಂದರೆ ಹಿಮ ಜಾಸ್ತಿ ಬೀಳುತ್ತಿತ್ತು! ಆಕಾಶದಿಂದಲ್ಲ, ವರದಿಯಲ್ಲಿ. ಆಮೇಲೆ ಒಂದು ಮೊಬೈಲ್ ಆಪ್ ಬಂತು. ಸ್ಕೀ ಮಾಡುವವರೇ ಬೆಟ್ಟದ ಮೇಲಿಂದ ‘ಇಲ್ಲಿ ಏನೂ ಬಿದ್ದಿಲ್ಲ’ ಎಂದು ಹಾಕತೊಡಗಿದರು. ಉತ್ಪ್ರೇಕ್ಷೆ ಇಳಿಯಿತು. ಮೊಬೈಲ್ ಸಿಗ್ನಲ್ ಚೆನ್ನಾಗಿ ಸಿಗುವ ಕಡೆ ಇನ್ನೂ ಜಾಸ್ತಿ ಇಳಿಯಿತು. ಇದು 2009ರ ಸುಮಾರಿನ ಕಥೆ. ಈಗ ನಿಮ್ಮ ಮೊದಲ ಅತಿಥಿ ಔಲಿ ಮುಟ್ಟಿದ ಹತ್ತು ನಿಮಿಷಕ್ಕೆ ಇನ್‌ಸ್ಟಾಗ್ರಾಂನಲ್ಲಿ ರೀಲ್ ಬಂದಿರುತ್ತದೆ.

ಇದಕ್ಕೆ ಬದಲು ಏನು ಮಾಡಬಹುದು? ಹೋಟೆಲಿನ ಒಬ್ಬ ಹುಡುಗನಿಗೆ ಹೇಳಿ. ದಿನಾ ಬೆಳಿಗ್ಗೆ ಒಂದೇ ಜಾಗದಿಂದ, ಒಂದೇ ದಿಕ್ಕಿಗೆ ಫೋಟೊ ತೆಗೆದು, ತಾರೀಖು ಹಾಕಿ ಪೋಸ್ಟ್ ಮಾಡಲಿ. ಡಿಸೆಂಬರಿನಿಂದಲೇ ಶುರುವಾಗಲಿ. ಹಿಮ ಇಲ್ಲದ ದಿನ ಇಲ್ಲ ಎಂದೇ ಬರೆಯಲಿ. ಮಾಲೀಕರಿಗೆ ಇದು ಹುಚ್ಚು ಎನಿಸುತ್ತದೆ. ನಾನು ಕೆಲಸ ಮಾಡಿದ ಕಡೆಯೂ ಹಾಗೇ ಹೇಳಿದ್ದರು. ಆದರೆ ‘ಇಲ್ಲ’ ಎಂದು ಬರೆದವರ ‘ಇದೆ’ಯನ್ನು ಜನ ನಂಬುತ್ತಾರೆ. ಹಿಮ ಬಿದ್ದ ಬೆಳಿಗ್ಗೆ ಆ ಒಂದು ಫೋಟೊಗೆ ಬರುವ ಫೋನ್ ಕರೆಗಳು ಯಾವ ಹೋರ್ಡಿಂಗಿಗೂ ಬರುವುದಿಲ್ಲ.

ಇಷ್ಟು ಹೇಳಿದ ಮೇಲೆ ಮುಖ್ಯ ಪ್ರಶ್ನೆ ಉಳಿಯುತ್ತದೆ. ನೀವು ಮಾರುತ್ತಿರುವುದು ಏನು, ಯಾರಿಗೆ? ಬೆಂಗಳೂರಿನಿಂದ ಬರುವ 150 ಜನರಲ್ಲಿ ಸ್ಕೀ ಹಾಕಿ ಗೊತ್ತಿರುವವರು ಬೆರಳೆಣಿಕೆ. ಉಳಿದವರು ಹಿಮವನ್ನು ಮೊದಲ ಸಲ ಮುಟ್ಟುವವರು. ಯುರೋಪಿನ ತಾಣಗಳು ಮಾರುವುದು ಇಳಿಜಾರಿನ ಉದ್ದವನ್ನು, ಲಿಫ್ಟ್‌ಗಳ ಸಂಖ್ಯೆಯನ್ನು. ನಮ್ಮವರಿಗೆ ಅದು ಬೇಕಿಲ್ಲ. ಅವರ ಮೊದಲ ಎರಡು ಗಂಟೆ ಚೆನ್ನಾಗಿ ಹೋದರೆ ಮುಗಿಯಿತು. ಆ ಎರಡು ಗಂಟೆ ಕೆಡುವುದು ಬಹಳ ಸಣ್ಣ ವಿಷಯಗಳಿಂದ.

ಕೈಗವಸನ್ನೇ ನೋಡಿ. ಮನೆಯಿಂದ ಉಣ್ಣೆಯ ಗವಸು ಹಾಕಿಕೊಂಡು ಬರುತ್ತಾರೆ. ಮಗು ಹಿಮ ಹಿಡಿದು ಉಂಡೆ ಮಾಡುತ್ತದೆ, ಎಸೆಯುತ್ತದೆ, ಮತ್ತೆ ಹಿಡಿಯುತ್ತದೆ. ಕಾಲು ಗಂಟೆಯಲ್ಲಿ ಉಣ್ಣೆ ನೆನೆದು ಬೆರಳು ಮರಗಟ್ಟುತ್ತದೆ. ಮಗು ಅಳುತ್ತದೆ, ಅಮ್ಮ ಅದನ್ನು ಎತ್ತಿಕೊಂಡು ರೂಮಿಗೆ ಹೋಗುತ್ತಾಳೆ, ಹಿಂದೆಯೇ ಅಪ್ಪ. ಒಂದು ಕುಟುಂಬದ ಪಾಲಿಗೆ ನಿಮ್ಮ ಫೆಸ್ಟ್ ಮುಗಿಯಿತು. ನೀರು ಹಿಡಿಯದ ಗವಸು 150 ಜೊತೆ ತರಿಸಿ, ಹೆಚ್ಚಿಗೆ ಐವತ್ತು ಮಕ್ಕಳ ಅಳತೆಯದ್ದು. ಗಾಯಕರ ಸಂಭಾವನೆಯ ಮುಂದೆ ಅದರ ಬೆಲೆ ಲೆಕ್ಕಕ್ಕೇ ಬರುವುದಿಲ್ಲ.

ಇನ್ನು ಸ್ಕೀ ಬೂಟು. ಅದು ಗಟ್ಟಿ ಪ್ಲಾಸ್ಟಿಕ್, ಪಾದವನ್ನು ಬಿಗಿಯಾಗಿ ಹಿಡಿದುಕೊಳ್ಳಬೇಕು. ಮೊದಲ ಸಲ ಹಾಕುವವರು ಎರಡು ಜೊತೆ ಕಾಲುಚೀಲದ ಮೇಲೆ ಹಾಕುತ್ತಾರೆ, ಪ್ಯಾಂಟಿನ ತುದಿಯನ್ನೂ ಒಳಗೆ ತುರುಕುತ್ತಾರೆ. ಅರ್ಧ ಗಂಟೆಗೆ ಮೊಣಕಾಲಿನ ಕೆಳಗೆ ಉರಿ. ಒಬ್ಬರಿಗೆ ಸರಿಯಾದ ಅಳತೆ ನೋಡಿ, ಚೀಲ ಒಂದೇ ಮಾಡಿಸಿ, ಬಕಲ್ ಹಾಕಲು ಹತ್ತು ನಿಮಿಷ ಬೇಕು. 150 ಜನಕ್ಕೆ 1,500 ನಿಮಿಷ, ಅಂದರೆ 25 ಗಂಟೆ. ಬಾಡಿಗೆ ಅಂಗಡಿಯಲ್ಲಿ ಇಬ್ಬರು ಹುಡುಗರಿದ್ದರೆ ನಿಮ್ಮ ಕೊನೆಯ ಅತಿಥಿ ಬೂಟು ಹಾಕುವ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಆದ್ದರಿಂದ ಹಿಂದಿನ ಸಂಜೆಯೇ ಹೋಟೆಲಿನ ಹಾಲ್‌ನಲ್ಲಿ ಅಳತೆ ನೋಡಿಸಿ, ಹೆಸರು ಬರೆದು ಇಡಿಸಿ. ಎಲ್ಲರನ್ನೂ ಒಟ್ಟಿಗೆ ಇಳಿಜಾರಿಗೆ ಬಿಡದೆ ಮೂರು ತಂಡ ಮಾಡಿ. ಕಲಿಸುವವರು ಅಲ್ಲೇ ಇದ್ದಾರೆ. ರಾಜ್ಯ ಸರ್ಕಾರದ ಗಢ್‌ವಾಲ್ ಮಂಡಲ್ ವಿಕಾಸ್ ನಿಗಮ ಔಲಿಯಲ್ಲಿ ಹಲವು ವರ್ಷಗಳಿಂದ ಸ್ಕೀ ತರಬೇತಿ ನಡೆಸುತ್ತಾ ಬಂದಿದೆ, ಸ್ಥಳೀಯ ತರಬೇತುದಾರರು ಸಾಕಷ್ಟಿದ್ದಾರೆ. ಬೆಂಗಳೂರಿನಿಂದ ‘ಅಡ್ವೆಂಚರ್ ಟೀಮ್’ ಕರೆದುಕೊಂಡು ಹೋಗಬೇಡಿ, ದಯವಿಟ್ಟು.

ಸ್ಪೀಕರ್ ಮತ್ತು ಹಿಮಕುಸಿತದ ವಿಷಯ. ಕೂಗಿದರೆ ಬೆಟ್ಟ ಜಾರುತ್ತದೆ ಎನ್ನುವುದು ಸಿನಿಮಾಗಳು ಹಬ್ಬಿಸಿದ ನಂಬಿಕೆ. ಮನುಷ್ಯರ ದನಿಗಾಗಲಿ, ಹಾಡಿಗಾಗಲಿ ಹಿಮದ ಪದರವನ್ನು ಕೀಳುವಷ್ಟು ಒತ್ತಡ ಇರುವುದಿಲ್ಲ. ಕೀಳುವುದು ಭಾರ: ಹೊಸದಾಗಿ ಬಿದ್ದ ಹಿಮದ ಭಾರ, ಗಾಳಿ ತಂದು ಗುಡ್ಡೆ ಹಾಕಿದ ಹಿಮದ ಭಾರ, ಇಲ್ಲವೇ ಅದರ ಮೇಲೆ ಕಾಲಿಟ್ಟ ಮನುಷ್ಯನ ಭಾರ. ಸಿಕ್ಕಿಬಿದ್ದವರಲ್ಲಿ ಬಹುಪಾಲು ಜನ ತಾವೇ ಅಥವಾ ಜೊತೆಯವರು ಜಾರಿಸಿದ ಹಿಮಕ್ಕೆ ಸಿಕ್ಕಿದವರು. 2023ರ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ನ ಮೇಲಿನ ಇಳಿಜಾರಿನಲ್ಲಿ ಪೋಲೆಂಡಿನ ಇಬ್ಬರು ಸತ್ತರು, ಅದಕ್ಕೆ ಯಾವ ಸ್ಪೀಕರೂ ಬೇಕಾಗಲಿಲ್ಲ. ಹಾಗಾಗಿ ನೀವು ಹೆದರಬೇಕಾದದ್ದು ಡಿ.ಜೆ.ಗಲ್ಲ. ಗುರುತು ಹಾಕಿದ ಜಾಗ ಬಿಟ್ಟು ಫೋಟೊಗೆಂದು ಮೇಲೆ ಹತ್ತುವ ಅತಿಥಿಗೆ. ಹಗ್ಗ ಕಟ್ಟಿಸಿ, ಸ್ಥಳೀಯರನ್ನೇ ಕಾವಲಿಗೆ ಇಡಿ. ಸ್ಪೀಕರ್ ಸಣ್ಣದಿರಲಿ ಎನ್ನುವುದಕ್ಕೆ ಬೇರೆ ಕಾರಣ ಇದೆ, ಅದು ಅಲ್ಲಿನ ಜನ ಮತ್ತು ಕಾಡುಪ್ರಾಣಿ.

ಗಾಯಕರನ್ನು ಕರೆಸಲೇಬೇಕು ಎಂದಾದರೆ ಹಗಲು ಹನ್ನೊಂದರಿಂದ ಮೂರರ ಒಳಗೆ ಹಾಡಿಸಿ. ಬಿಸಿಲು ಹೋದ ಅರ್ಧ ಗಂಟೆಗೆ ಜನ ಹೀಟರ್ ಹುಡುಕಿಕೊಂಡು ಒಳಗೆ ಓಡುತ್ತಾರೆ, ಸ್ಟೇಜಿನ ಮುಂದೆ ಯಾರೂ ಉಳಿಯುವುದಿಲ್ಲ. ಗಿಟಾರಿನ ತಂತಿ, ತಬಲಾದ ಶ್ರುತಿ ಆ ಚಳಿಯಲ್ಲಿ ನಿಲ್ಲುವುದಿಲ್ಲ. ಆ ಎತ್ತರದಲ್ಲಿ ಗಾಳಿ ತೆಳು, ಗಾಯಕರಿಗೂ ಉಸಿರು ಸಾಲದು, ಜನರೇಟರಿಗೂ ಸಾಲದು. ಸಾಮಾನ್ಯ ಡೀಸೆಲ್ ಜನರೇಟರ್ ಅಲ್ಲಿ ತನ್ನ ಶಕ್ತಿಯ ಐದನೇ ಒಂದು ಭಾಗದಷ್ಟನ್ನು ಕಳೆದುಕೊಳ್ಳಬಹುದು. ಬೆಂಗಳೂರಿನ ಲೆಕ್ಕದಲ್ಲಿ ಬುಕ್ ಮಾಡಿದರೆ ಲೈಟು ಹಾಕಿದ ಕೂಡಲೇ ಟ್ರಿಪ್ ಆಗುತ್ತದೆ. ವೈದ್ಯರು, ಆಮ್ಲಜನಕದ ಸಿಲಿಂಡರ್ ಇರಲೇಬೇಕು. ಅತಿಥಿಗಳಿಗೆ ಮೊದಲ ರಾತ್ರಿ ಮದ್ಯ ಬೇಡ ಎಂದು ಮೊದಲೇ ಹೇಳಿ. 2,500 ಮೀಟರ್ ದಾಟಿದ ಮೇಲೆ ತಲೆನೋವು, ವಾಕರಿಕೆ ಬರುವುದು ಸಹಜ, ಮದ್ಯ ಅದನ್ನು ಇನ್ನೂ ಹೆಚ್ಚಿಸುತ್ತದೆ.

ಅನುಮತಿಯ ವಿಷಯವನ್ನು ‘ನಾವು ನೋಡಿಕೊಳ್ಳುತ್ತೇವೆ’ ಎಂದು ಮಾಲೀಕರು ಹೇಳಿರುತ್ತಾರೆ. ಪ್ರತಿಗಳನ್ನು ಕೇಳಿ ಪಡೆಯಿರಿ. ಆ ಎತ್ತರದ ಹುಲ್ಲುಗಾವಲುಗಳಿಗೆ ಅಲ್ಲಿ ಬುಗ್ಯಾಲ್ ಎನ್ನುತ್ತಾರೆ. 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ಬುಗ್ಯಾಲ್‌ಗಳಲ್ಲಿ ರಾತ್ರಿ ತಂಗುವುದನ್ನೇ ನಿಷೇಧಿಸಿತು. 2019ರ ಜೂನಿನಲ್ಲಿ ಔಲಿಯಲ್ಲೇ ಒಂದು ಭಾರೀ ಶ್ರೀಮಂತ ಕುಟುಂಬದ ಮದುವೆ ನಡೆದಾಗ ವಿಷಯ ಅದೇ ಕೋರ್ಟಿಗೆ ಹೋಯಿತು. 3 ಕೋಟಿ ರೂಪಾಯಿ ಠೇವಣಿ ಇಡಲು ಕೋರ್ಟ್ ಹೇಳಿತು. ಮದುವೆ ಮುಗಿದ ಮೇಲೆ ಟನ್‌ಗಟ್ಟಲೆ ಕಸ ಉಳಿಯಿತು, ಅದರ ಚಿತ್ರಗಳು ದೇಶವೆಲ್ಲ ಸುತ್ತಿದವು. ಅಲ್ಲಿಂದೀಚೆಗೆ ಔಲಿಯಲ್ಲಿ ‘ಈವೆಂಟ್’ ಎಂದರೆ ಎಲ್ಲರ ಕಿವಿಯೂ ನೆಟ್ಟಗಾಗುತ್ತದೆ. ಊರವರ ಕ್ಯಾಲೆಂಡರ್ ಕೂಡ ನೋಡಬೇಕು. 2025ರ ಮಾರ್ಚಿನಲ್ಲಿ ಗುಲ್ಮಾರ್ಗ್‌ನ ಹಿಮದ ಮೇಲೆ ರಂಜಾನ್ ತಿಂಗಳಲ್ಲಿ ಒಂದು ಫ್ಯಾಷನ್ ಶೋ ನಡೆದು ದೊಡ್ಡ ಗಲಾಟೆಯಾಯಿತು. ಮುಖ್ಯಮಂತ್ರಿಯೇ ವರದಿ ಕೇಳಿದರು. ಊರಿನ ಒಬ್ಬ ಹಿರಿಯರ ಜೊತೆ ಮೊದಲೇ ಕುಳಿತು ಚಹಾ ಕುಡಿದಿದ್ದರೆ ಅದು ತಪ್ಪುತ್ತಿತ್ತೇನೋ.

ಸರಿ, ಈಗ ನಿಮ್ಮ ಮುಂದಿರುವ ದಾರಿಗಳು.

ನಾನಾಗಿದ್ದರೆ ಹಿಡಿಯುತ್ತಿದ್ದ ದಾರಿ ಇದು. ಒಂದು ದೊಡ್ಡ ಫೆಸ್ಟ್ ಬಿಟ್ಟುಬಿಡಿ. ಫೆಬ್ರವರಿಯಲ್ಲಿ, ವಾರದ ನಡುವಿನ ದಿನಗಳಲ್ಲಿ, 30–40 ಜನರ ನಾಲ್ಕು ತಂಡಗಳನ್ನು ಬೇರೆ ಬೇರೆ ವಾರ ಕರೆದುಕೊಂಡು ಹೋಗಿ. ‘ಮೊದಲ ಹಿಮ, ಮೊದಲ ಸ್ಕೀ’ ಎನ್ನುವ ಕಲಿಕೆಯ ಕಾರ್ಯಕ್ರಮ. ಒಂದು ತಂಡಕ್ಕೆ ಹಿಮ ಸಿಗದಿದ್ದರೂ ಉಳಿದ ಮೂರಕ್ಕೆ ಸಿಗಬಹುದು. ಒಂದೇ ವಾರಾಂತ್ಯದ ಮೇಲೆ ಎಲ್ಲ ದುಡ್ಡು ಕಟ್ಟಿ ಕೂರುವುದು ತಪ್ಪುತ್ತದೆ. ರಸ್ತೆ, ಬೂಟು, ಗವಸು, ಎಲ್ಲವೂ ಕೈಗೆ ಸಿಗುವ ಗಾತ್ರಕ್ಕೆ ಬರುತ್ತವೆ. ಇದರ ತೊಂದರೆಯೂ ಹೇಳುತ್ತೇನೆ. ಫೆಬ್ರವರಿ ನಮ್ಮ ಮಕ್ಕಳ ಪರೀಕ್ಷೆಯ ಹೊತ್ತು, ಕುಟುಂಬಗಳು ಬರುವುದು ಕಷ್ಟ. ಹಾಗಾಗಿ ಮದುವೆಯಾಗದ ಐಟಿ ಹುಡುಗ ಹುಡುಗಿಯರು, ಮಕ್ಕಳಿಲ್ಲದ ದಂಪತಿ, ಕಂಪನಿಗಳ ಸಣ್ಣ ತಂಡಗಳು, ಇವರನ್ನು ಹುಡುಕಬೇಕು. ಮಾಲೀಕರಿಗೆ ‘ಫೆಸ್ಟ್’ ಎಂದು ಮೆರೆಯಲು ಏನೂ ಉಳಿಯುವುದಿಲ್ಲ. ಅವರ ಖಾಲಿ ವಾರಗಳು ತುಂಬುತ್ತವೆ, ಅಷ್ಟೇ. ಒಪ್ಪಿಸುವುದು ನಿಮ್ಮ ಸಾಮರ್ಥ್ಯ. ಜಪಾನಿನ ಸಪ್ಪೊರೊ ಹಿಮೋತ್ಸವ 1950ರಲ್ಲಿ ಶಾಲಾ ಹುಡುಗರು ಪಾರ್ಕಿನಲ್ಲಿ ಮಾಡಿದ ಆರು ಹಿಮದ ಬೊಂಬೆಗಳಿಂದ ಶುರುವಾದದ್ದು ಎಂದು ಅವರಿಗೆ ಹೇಳಿ ನೋಡಿ. ಕೆಲವು ಮಾಲೀಕರು ಇಂಥ ಕಥೆಗೆ ಕರಗುತ್ತಾರೆ.

ಎರಡನೆಯದು, ತಾರೀಖು ಉಳಿಸಿಕೊಂಡು ಕಾರ್ಯಕ್ರಮ ಬದಲಿಸುವುದು. ಹಿಮ ಇಲ್ಲದಿದ್ದರೂ ಪೂರ್ತಿ ನಡೆಯುವಂಥ ಮೂರು ದಿನ ಕಟ್ಟಿ, ಹಿಮ ಬಿದ್ದರೆ ಅದು ಲಾಭ. ಇದಕ್ಕೆ ಕನ್ನಡಿಗರ ಮಟ್ಟಿಗೆ ಒಂದು ಒಳ್ಳೆಯ ಆಧಾರ ಅಲ್ಲೇ ಇದೆ, ಮಾಲೀಕರಿಗೆ ಅದು ಹೊಳೆದಿರಲಾರದು. ಜೋಶಿಮಠ ಎಂದರೆ ಶೃಂಗೇರಿಯ ಹಾಗೆಯೇ ಶಂಕರಾಚಾರ್ಯರು ಸ್ಥಾಪಿಸಿದರೆನ್ನುವ ನಾಲ್ಕು ಮಠಗಳಲ್ಲಿ ಒಂದು. ಬದರಿಯ ಬಾಗಿಲು ಮುಚ್ಚಿದ ಮೇಲೆ ಚಳಿಗಾಲದ ಪೂಜೆ ನಡೆಯುವುದು ಜೋಶಿಮಠದ ನರಸಿಂಹ ದೇವಸ್ಥಾನ ಮತ್ತು ಪಾಂಡುಕೇಶ್ವರದಲ್ಲಿ. ಕೇದಾರನಾಥನ ಚಳಿಗಾಲದ ಗದ್ದುಗೆ ಊಖೀಮಠ. ಕೇದಾರದ ಧಾರ್ಮಿಕ ಮುಖ್ಯಸ್ಥರಾದ ರಾವಲರು ಕರ್ನಾಟಕದ ವೀರಶೈವ ಪರಂಪರೆಯವರು ಎನ್ನುವುದು ನಮ್ಮಲ್ಲಿ ಅನೇಕರಿಗೆ ಗೊತ್ತು. ಉತ್ತರಾಖಂಡ ಸರ್ಕಾರವೂ ಈಚೆಗೆ ಚಳಿಗಾಲದ ಯಾತ್ರೆಗೆ ಪ್ರಚಾರ ಕೊಡುತ್ತಿದೆ. ಬೇಸಿಗೆಯ ನೂಕುನುಗ್ಗಲಿನಲ್ಲಿ ಬದರಿ ನೋಡಿ ಬೇಸತ್ತವರಿಗೆ, ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಬರುವವರಿಗೆ ಇದು ನಿಜವಾಗಿ ಬೇಕಾದದ್ದು. ಜೊತೆಗೆ ಔಲಿಯಿಂದ ಕಾಣುವ 7,816 ಮೀಟರಿನ ನಂದಾದೇವಿ. ಔಲಿಯ ನೆಲ ಬೋಳಾಗಿದ್ದರೂ ಅದರ ತಲೆಯ ಮೇಲೆ ಹಿಮ ಇರುತ್ತದೆ. ಹಿಮ ಬೀಳದ ದಿನಗಳಲ್ಲಿ ಆಕಾಶ ಸ್ವಚ್ಛ, ಅದು ಇನ್ನೂ ಚೆನ್ನಾಗಿ ಕಾಣುತ್ತದೆ. ಅಪಾಯ ಏನೆಂದರೆ ಹೆಸರು. ಹೀಗೆ ಮಾಡುವುದಾದರೆ ‘ಸ್ನೋ’ ಎನ್ನುವ ಪದವನ್ನು ಪೋಸ್ಟರಿನಿಂದ ತೆಗೆಯಬೇಕು. ಹೆಸರಿನಲ್ಲಿ ಹಿಮ ಇಟ್ಟು ಕೆಳಗೆ ಸಣ್ಣಕ್ಷರದಲ್ಲಿ ‘ಹವಾಮಾನಕ್ಕೆ ಒಳಪಟ್ಟು’ ಎಂದರೆ ಬಂದವರು ಸಿಟ್ಟಾಗುತ್ತಾರೆ, ಅದು ನ್ಯಾಯವೂ ಹೌದು.

ಗುಲ್ಮಾರ್ಗ್‌ಗೆ ಸ್ಥಳ ಬದಲಿಸುವ ಆಲೋಚನೆಯೂ ನಿಮಗೆ ಬಂದಿರಬಹುದು. ಶ್ರೀನಗರದ ವಿಮಾನ ನಿಲ್ದಾಣದಿಂದ ಅದು ಹತ್ತಿರ, ಎತ್ತರವೂ ಜಾಸ್ತಿ. ಆದರೆ ಹಣ ಕೊಡುತ್ತಿರುವವರು ಔಲಿಯ ಮಾಲೀಕರು. ಅದೂ ಅಲ್ಲದೆ ಗುಲ್ಮಾರ್ಗ್‌ನ ಮೇಲಿನ ಹಂತ ಹೊಸಬರ ಜಾಗವಲ್ಲ. ಮುಂದಿನ ವರ್ಷಕ್ಕೆ ಬೇರೆ ಗಿರಾಕಿ ಸಿಕ್ಕರೆ ನೋಡೋಣ.

ದುಡ್ಡಿನ ವಿಷಯ. ಸ್ಕೀ ತಾಣಗಳನ್ನು ನಡೆಸುವ ಅಮೆರಿಕದ ವೇಲ್ ಕಂಪನಿ 2008ರಲ್ಲಿ ಎಪಿಕ್ ಪಾಸ್ ಎನ್ನುವ ಸೀಸನ್ ಪಾಸನ್ನು 579 ಡಾಲರಿಗೆ ಮಾರಲು ಶುರು ಮಾಡಿತು. ಹಿಮ ಬೀಳುವ ಮುಂಚೆಯೇ ದುಡ್ಡು ಕೈಗೆ ಬಂತು, ಹವಾಮಾನದ ಅಪಾಯದ ಒಂದು ಭಾಗ ಗ್ರಾಹಕರ ಹೆಗಲಿಗೆ ಹೋಯಿತು. ಗ್ರಾಹಕರು ಒಪ್ಪಿದ್ದು ಯಾಕೆಂದರೆ ಬೆಲೆ ಕಡಿಮೆ, ಹೋಗಲು ಇಡೀ ಸೀಸನ್ ಇತ್ತು. ನೀವೂ ಅದೇ ಮಾಡಬಹುದು. ಈಗಲೇ ಕೊಂಡರೆ ರಿಯಾಯಿತಿ ಕೊಡಿ. ಹತ್ತು ದಿನ ಮುಂಚೆ ಹಿಮ ಇಲ್ಲದಿದ್ದರೆ ಬೇರೆ ತಂಡಕ್ಕೆ ಬದಲಾಯಿಸಿಕೊಳ್ಳಲಿ, ಅಥವಾ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಲಿ. ವಿಮಾನದ ಟಿಕೆಟ್ ಅವರದೇ ಎಂದು ಮೊದಲ ಸಾಲಿನಲ್ಲೇ ಹೇಳಿ. ವಿಮೆ ಮಾಡಿಸುವುದಾದರೆ ಏಜೆಂಟರಿಂದ ಬರಹದಲ್ಲಿ ಉತ್ತರ ಪಡೆಯಿರಿ. ಬಿರುಗಾಳಿ, ಭಾರೀ ಹಿಮಪಾತದಿಂದ ಕಾರ್ಯಕ್ರಮ ನಿಂತರೆ ಬರುವ ಪರಿಹಾರ, ಹಿಮ ಬೀಳದೇ ಹೋದದ್ದಕ್ಕೂ ಬರುತ್ತದೆ ಎಂದು ಸುಮ್ನೆ ಅಂದುಕೊಳ್ಳಬೇಡಿ.

ನಿಮ್ಮ ಕೊನೆಯ ಪ್ರಶ್ನೆ, ಮುಂಗಡ ವಾಪಸ್ ಕೊಡಲೇ ಎಂದು. ಒಪ್ಪಂದದಲ್ಲಿ ಟಿಕೆಟ್ ಮಾರುವವರು ಯಾರು ಎಂದು ನೋಡಿ. ದುಡ್ಡು ನಿಮ್ಮ ಕಂಪನಿಯ ಖಾತೆಗೆ ಬರುತ್ತಿದ್ದರೆ ಹಿಂದಿರುಗಿಸುವ ಹೊಣೆಯೂ ನಿಮ್ಮದೇ ಆಗುತ್ತದೆ, ಮಾಲೀಕರು ಬಾಯಿಮಾತಿನಲ್ಲಿ ಏನೇ ಹೇಳಿರಲಿ. ಅದನ್ನು ಬದಲಿಸಿ. ಬುಕಿಂಗ್ ಹೋಟೆಲಿನ ಹೆಸರಿನಲ್ಲಿ, ನಿಮಗೆ ನಿಗದಿತ ಶುಲ್ಕ, ಗಾಯಕರಿಗೆ ಕೊಡುವ ಮುಂಗಡ ನೇರವಾಗಿ ಮಾಲೀಕರಿಂದ. ಹಳೇ ಫೋಟೊ ಬಳಸುವುದಿಲ್ಲ ಎನ್ನುವುದು ಒಂದು ಸಾಲಾಗಿ ಒಪ್ಪಂದದಲ್ಲೇ ಇರಲಿ. ತಾರೀಖು ಬದಲಿಸಲು ಒಪ್ಪದೆ ಹೋದರೂ ಈ ನಾಲ್ಕಕ್ಕೆ ಅವರು ಒಪ್ಪಿದರೆ ಕೆಲಸ ಮಾಡಿ. ಇದಕ್ಕೂ ಒಪ್ಪದಿದ್ದರೆ ಅಕ್ಟೋಬರ್ ಮುಗಿಯುವುದರೊಳಗೆ ವಾಪಸ್ ಕೊಟ್ಟುಬಿಡಿ. ಆಗ ಅವರಿಗೂ ಬೇರೆಯವರನ್ನು ಹುಡುಕಿಕೊಳ್ಳಲು ಸಮಯ ಇರುತ್ತದೆ, ನಿಮಗೂ ಡಿಸೆಂಬರಿನ ಫ್ಯಾಮಿಲಿ ಡೇ ಬುಕಿಂಗ್‌ಗಳು ತಪ್ಪುವುದಿಲ್ಲ.